ಕೊಡ, ಪೈಪು, ಮಂಡಕ್ಕಿ: ನನ್ನ ಸಬ್‌ವೂಫರ್ ಡಬ್ಬಿ ಕತೆ

ಹೋದ್ ವರ್ಷ ಗಣಪತಿ ಬಿಡೋ ದಿನ ಪಿ.ಬಿ. ರೋಡ್ ಪಕ್ಕ ನಿಂತಿದ್ದೆ, ಡಿಜೆ ಗಾಡಿ ಹತ್ರ ಬಂದಾಗ ಅಂಗಿ ಗುಂಡಿಯೆಲ್ಲಾ ಅದುರ್ತಿತ್ತು, ಎದೆಗೆ ಒಳಗಿಂದ ಯಾರೋ ಗುದ್ದಿದ ಹಾಗೆ, ಪಕ್ಕದಲ್ಲಿದ್ದ ಅಜ್ಜ ಒಬ್ರು ಎರಡೂ ಕಿವಿ ಮುಚ್ಕೊಂಡು "ಇವ್ರ ಮನಿ ಹಾಳಾಗ" ಅಂತ ಬೈತಿದ್ರು, ನಾನ್ ಮಾತ್ರ ಅಲ್ಲೇ ನಿಂತು ಇದು ನಮ್ಮನೆ ಹಾಲ್‌ನಲ್ಲಿ ಬೇಕು ಅಂತ ತೀರ್ಮಾನ ಮಾಡ್ಬಿಟ್ಟೆ. ಆ ತೀರ್ಮಾನ ತಪ್ಪು ಅಂತ ಗೊತ್ತಾಗೋಕೆ ಎಂಟು ತಿಂಗಳು, ಒಂದು ಪೂರ್ತಿ ಪ್ಲೈವುಡ್ ಶೀಟು ಮತ್ತೆ ಒಂದ್ ಹಿಡಿ ಮಂಡಕ್ಕಿ ಬೇಕಾಯ್ತು.

ಮೊದಲು ಮಾಡಿದ್ದು ಎಲ್ರೂ ಮಾಡೋ ಕೆಲಸಾನೇ. ಕಾರ್ ಆಡಿಯೋ ಅಂಗಡಿಗೆ ಹೋಗಿ 12 ಇಂಚಿನ ಒಂದು ಸಬ್‌ವೂಫರ್ ಡ್ರೈವರ್ (ಬರೀ ಬೇಸ್, ಅಂದ್ರೆ ದಪ್ಪ ಸದ್ದು ಮಾಡೋ, ಡಬ್ಬಿ ಇಲ್ಲದ ಬಿಡಿ ಸ್ಪೀಕರ್) ತಗೊಂಡೆ, ಅಂಗಡಿಯವ್ರು "ಇದಕ್ಕೆ ರೆಡಿಮೇಡ್ ಬಾಕ್ಸ್ ಐತಿ ಸರ್, ಕಾರ್ಪೆಟ್ ಎಲ್ಲಾ ಹಾಕಿರೋದು" ಅಂತ ಕೊಟ್ರು, ಅದನ್ನೇ ಸ್ಕೂಟರ್ ಮುಂದೆ ಕಾಲ ಹತ್ರ ಇಟ್ಕೊಂಡು ಮನೆಗೆ ತಂದೆ. ಸ್ಕೂಟರ್‌ನಲ್ಲಿ ಹಿಡಿಸಿತು ಅಂದಾಗಲೇ ನಂಗೆ ಡೌಟ್ ಬರ್ಬೇಕಿತ್ತು. ಮನೇಲಿ ಹಾಕಿ ಕೇಳಿದ್ರೆ ಸದ್ದೇನೋ ಜೋರಾಗೇ ಇತ್ತು, ಆದ್ರೆ ಯಾವ ಹಾಡು ಹಾಕಿದ್ರೂ ಒಂದೇ ಡುಂ. ತಬಲಾ ಹೊಡೆದ್ರೂ ಡುಂ, ಗುಡುಗಿದ್ರೂ ಡುಂ, ಸಿನಿಮಾದಲ್ಲಿ ಬಾಗಿಲು ಹಾಕಿದ್ರೂ ಅದೇ ಡುಂ. ಆಂಪ್ಲಿಫೈಯರ್ ಸಣ್ಣದಾಯ್ತೇನೋ ಅನ್ಕೊಂಡು ದೊಡ್ಡದು ತಂದೆ. ಡುಂ ಇನ್ನೂ ಜೋರಾಯ್ತು, ಅಷ್ಟೇ.

ಆಮೇಲೆ ಒಂದಿನ ಡ್ರೈವರ್ ಡಬ್ಬದೊಳಗೆ ಬಂದಿದ್ದ ಚೀಟಿ ತೆಗೆದು ಕೂತ್ಕೊಂಡು ಓದಿದೆ, ಯಾರೂ ಓದದ ಚೀಟಿ ಅದು, ವಾರಂಟಿ ಕಾರ್ಡ್ ಜೊತೆ ಕಸಕ್ಕೆ ಹೋಗೋದು. ಅದರಲ್ಲಿ ಮೂರು ನಂಬರ್ ಮುಖ್ಯ. ಎಫ್‌ಎಸ್ 24 ಹರ್ಟ್ಸ್, ಅಂದ್ರೆ ಡ್ರೈವರ್ ಯಾವ ಡಬ್ಬಿಯೂ ಇಲ್ದೆ ಬರೀ ಗಾಳೀಲಿ ತಾನಾಗೇ ತೂಗಾಡೋ ವೇಗ, ಸೆಕೆಂಡಿಗೆ 24 ಸಲ. ಕ್ಯೂಟಿಎಸ್ 0.39, ಅಂದ್ರೆ ಆ ತೂಗಾಟಕ್ಕೆ ಎಷ್ಟು ಬ್ರೇಕ್ ಇದೆ ಅನ್ನೋದು. ವಿಎಎಸ್ 88 ಲೀಟರ್, ಅಂದ್ರೆ ಎಷ್ಟು ಗಾಳಿ ಕೋನ್‌ನ (ಡ್ರೈವರ್‌ನಲ್ಲಿ ಅದುರೋ ಬಟ್ಟಲಿನ) ಸ್ವಂತ ಸ್ಪ್ರಿಂಗ್‌ಗೆ ಸಮ ಅನ್ನೋದು. ಥೀಲ್-ಸ್ಮಾಲ್ ಪ್ಯಾರಾಮೀಟರ್ಸ್ ಅಂತಾರೆ ಇವನ್ನ. ನೆವಿಲ್ ಥೀಲ್ ಅಂತ ಆಸ್ಟ್ರೇಲಿಯಾದ ಎಂಜಿನಿಯರ್ 1961ರಲ್ಲಿ ಬರೆದ ಪೇಪರ್, ಆಮೇಲೆ 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನ ಪೂರ್ತಿ ಬೆಳೆಸಿದ್ರು. ಅದಕ್ಕೂ ಮುಂಚೆ ಡಬ್ಬಿ ಮಾಡೋದು ಸುಮಾರಾಗಿ ಕೈಯಂದಾಜಿನ ಅಡುಗೆ ಥರ ಇತ್ತು, ಇವರಿಬ್ರಿಂದ ಅದು ಲೆಕ್ಕ ಆಯ್ತು.

ಲೆಕ್ಕ ಹಾಕಿದ್ರೆ ನಾನು ತಂದ ರೆಡಿಮೇಡ್ ಬಾಕ್ಸ್ ಒಳಗೆ ಇದ್ದಿದ್ದು ಬರೀ 22 ಲೀಟರ್. ನಮ್ಮನೆ ನೀರಿನ ಕ್ಯಾನ್‌ಗಿಂತ ಒಂಚೂರು ದೊಡ್ಡದು ಅಷ್ಟೇ. ಸೈಕಲ್ ಪಂಪಿನ ಬಾಯಿಗೆ ಬೆರಳು ಹಿಡಿದು ಒತ್ತಿ ನೋಡಿ, ಗಾಳಿ ವಾಪಸ್ ತಳ್ಳುತ್ತಲ್ಲ, ಮುಚ್ಚಿದ ಡಬ್ಬಿಯೊಳಗಿನ ಗಾಳಿ ಕೋನ್‌ಗೆ ಅದೇ ಮಾಡೋದು. ಡಬ್ಬಿ ಸಣ್ಣದಾದಷ್ಟೂ ಸ್ಪ್ರಿಂಗ್ ಬಿಗಿ, ಸ್ಪ್ರಿಂಗ್ ಬಿಗಿಯಾದಷ್ಟೂ ತೂಗಾಟದ ವೇಗ ಜಾಸ್ತಿ. 24 ಹರ್ಟ್ಸ್‌ನ ಡ್ರೈವರ್ ಆ 22 ಲೀಟರ್ ಒಳಗೆ ಹೋಗಿ 54 ಹರ್ಟ್ಸ್ ಆಗಿ ಕೂತಿತ್ತು! 54ರ ಮೇಲ್ಗಡೆ ಒಂದು ಸಣ್ಣ ಗುಡ್ಡ, 54ರ ಕೆಳಗೆ ಬರೀ ಇಳಿಜಾರು. ಅದೇ ನನ್ನ ಡುಂ. ಡಿಜೆ ಗಾಡೀಲಿ ಎದೆಗೆ ಗುದ್ದಿದ್ದೂ ಹೆಚ್ಚು ಕಮ್ಮಿ ಅದೇ ಜಾಗದ ಸದ್ದು, 50ರಿಂದ 100ರೊಳಗಿಂದು. ಡೊಳ್ಳು ಕುಣಿತದ ಹತ್ರ ನಿಂತಾಗ ಹೊಟ್ಟೆಗೆ ಬಡಿಯೋದೂ ಅಲ್ಲಿಂದಾನೇ ಜಾಸ್ತಿ. ಜೋರು ಬೇರೆ, ಆಳ ಬೇರೆ ಅಂತ ನಂಗೆ ಆವತ್ತು ತಲೆಗೆ ಹೋಯ್ತು. 20 ಹರ್ಟ್ಸ್ ಸದ್ದು ನಮ್ಮ ಕಿವಿಗೆ ಬೀಳೋಕೇ 75-80 ಡೆಸಿಬಲ್ ಹತ್ರ ಬೇಕು, ಅಲ್ಲೀವರ್ಗೂ ಅದು ಇದೆಯೋ ಇಲ್ವೋ ಗೊತ್ತೇ ಆಗಲ್ಲ.

ಮುಚ್ಚಿದ ಡಬ್ಬೀನೇ ಕೆಟ್ಟದ್ದು ಅಂತಲ್ಲ ಮತ್ತೆ. 1954ರಲ್ಲಿ ಅಮೆರಿಕಾದಲ್ಲಿ ಎಡ್ಗರ್ ವಿಲ್ಚರ್ ಎಆರ್-1 ಅನ್ನೋ ಸ್ಪೀಕರ್ ಮಾಡಿದ್ದೇ ಈ ಗಾಳಿ ಸ್ಪ್ರಿಂಗ್ ನಂಬ್ಕೊಂಡು, ಸಣ್ಣ ಡಬ್ಬೀಲಿ ಅಷ್ಟು ಬೇಸ್ ಅಂತ ಜನ ಬಾಯ್ ಬಿಟ್ಕೊಂಡು ಕೇಳಿದ್ರಂತೆ. ಆದ್ರೆ ನನ್ನ ಡ್ರೈವರ್‌ಗೆ 35 ಲೀಟರ್‌ನ ಸರಿಯಾದ ಮುಚ್ಚಿದ ಡಬ್ಬಿ ಮಾಡಿದ್ರೂ 45 ಹರ್ಟ್ಸ್ ಹತ್ರ ಇಳಿಯೋಕೆ ಶುರು ಆಗೋದು. ಹಾಡು ಕೇಳೋಕೆ ಚೆನ್ನಾಗಿರುತ್ತೆ, ಸಿನಿಮಾಗೆ ಸಾಲಲ್ಲ. ನಂಗೆ ಬೇಕಾಗಿದ್ದು ಪೈಪ್ ಇರೋ ಡಬ್ಬಿ.

ಪೈಪ್ ಡಬ್ಬಿ ಹೆಂಗೆ ಕೆಲಸ ಮಾಡುತ್ತೆ ಅಂತ ನಂಗೆ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥ ಆಗಿದ್ದು ನಲ್ಲಿ ಹತ್ರ. ನಮ್ ಓಣೀಲಿ ನೀರು ಬಿಟ್ಟ ದಿನ ಕೊಡ ಹಿಡಿತೀವಲ್ಲ, ಮೊದಲು ಬೊಳ ಬೊಳ ಅಂತ ದಪ್ಪ ಸದ್ದು, ಕೊಡ ತುಂಬ್ತಾ ತುಂಬ್ತಾ ಸದ್ದು ಸಣ್ಣಗಾಗ್ತಾ ಮೇಲೆ ಹೋಗುತ್ತೆ, ನಮ್ಮವ್ವ ಅಡುಗೆ ಮನೇಲಿದ್ದೇ ಅದನ್ನ ಕೇಳಿ "ಕೊಡ ತುಂಬ್ತು ನೋಡೋ" ಅಂತಾರೆ, ಇಲ್ಲೀವರ್ಗೂ ಒಂದ್ ದಿನಾನೂ ತಪ್ಪಿಲ್ಲ. ಒಳಗಿನ ಗಾಳಿ ಕಮ್ಮಿ ಆದ್ರೆ ಸದ್ದು ಮೇಲೆ, ಜಾಸ್ತಿ ಇದ್ರೆ ಕೆಳಗೆ. ಖಾಲಿ ಕೊಡದ ಬಾಯಿಗೆ ಊದಿದ್ರೆ ಹೂಂ ಅನ್ನುತ್ತಲ್ಲ, ಅಲ್ಲಿ ಕೊಡದ ಹೊಟ್ಟೆ ಗಾಳಿ ಸ್ಪ್ರಿಂಗು, ಕುತ್ತಿಗೆಯೊಳಗಿನ ಗಾಳಿ ತೂಕ. ಕುತ್ತಿಗೆ ಉದ್ದ ಆದ್ರೆ ತೂಕ ಜಾಸ್ತಿ, ಸದ್ದು ಇನ್ನೂ ಕೆಳಗೆ. ಸಬ್‌ವೂಫರ್ ಪೈಪ್ ಅಂದ್ರೆ ಆ ಕುತ್ತಿಗೆ. ಕೋನ್‌ನ ಬೆನ್ನ ಕಡೆ ಸುಮ್ನೆ ಪೋಲಾಗ್ತಿದ್ದ ಗಾಳೀನ ದುಡಿಸ್ಕೊಳೋ ಉಪಾಯ.

ವಿನ್‌ಐಎಸ್‌ಡಿ ಅಂತ ಒಂದು ಸಾಫ್ಟ್‌ವೇರ್ ಫ್ರೀಯಾಗಿ ಸಿಗುತ್ತೆ, ನೋಡೋಕೆ ಹಳೇ ಕಾಲದ್ದು ಆದ್ರೆ ಲೆಕ್ಕ ಪಕ್ಕಾ. ಮೂರು ರಾತ್ರಿ ಅದರಲ್ಲೇ ಡಬ್ಬಿ ಎಳೆದು ಹಿಗ್ಗಿಸಿ ಕೊನೆಗೆ 85 ಲೀಟರ್ ಡಬ್ಬಿ, ಪೈಪು ಹೂಂ ಅನ್ನೋ ಜಾಗ, ಅಂದ್ರೆ ಟ್ಯೂನಿಂಗ್, 22 ಹರ್ಟ್ಸ್ ಅಂತ ನಿಂತೆ. 85 ಲೀಟರ್ ದೊಡ್ಡದಾಯ್ತು, 50ರಲ್ಲಿ ಆಗಲ್ವಾ ಅಂತ ತುಂಬಾ ಗುದ್ದಾಡಿದೆ. ಆಗಲ್ಲ ಅಂತಲ್ಲ, ಆದ್ರೆ ಬೇರೆ ಕಡೆ ಬೆಲೆ ಕೊಡಬೇಕು. ಕೆಎಲ್‌ಎಚ್ ಅನ್ನೋ ಅಮೆರಿಕಾದ ಸ್ಪೀಕರ್ ಕಂಪನಿಯ ಎಚ್ ಅಂದ್ರೆ ಹಾಫ್‌ಮನ್, ಅವರ ಹೆಸರಲ್ಲೇ ಒಂದು ನಿಯಮ ಇದೆ: ಸಣ್ಣ ಡಬ್ಬಿ, ಆಳದ ಬೇಸ್, ಕಮ್ಮಿ ಪವರ್‌ಗೆ ಜಾಸ್ತಿ ಸದ್ದು, ಈ ಮೂರರಲ್ಲಿ ಎರಡು ಆರಿಸ್ಕೋ, ಮೂರನೇದು ಸಿಗಲ್ಲ. ನಂಗೆ ಆಳ ಬೇಕು, ನನ್ನ ಆಂಪ್ಲಿಫೈಯರ್ 300 ವ್ಯಾಟ್, ಹಂಗಾಗಿ ಡಬ್ಬಿ ದೊಡ್ಡದಾಗ್ಲೇಬೇಕು. ಅವ್ವನಿಗೆ ಮಾತ್ರ 85 ಲೀಟರ್ ಅಂತ ಹೇಳ್ಲಿಲ್ಲ, "ಒಂದು ಸ್ಟೂಲ್ ಅಷ್ಟು" ಅಂದಿದ್ದೆ.

ಪೈಪ್‌ಗೆ ನಮ್ಮ ಪ್ಲಂಬಿಂಗ್ ಅಂಗಡೀಲಿ ಸಿಗೋ 4 ಇಂಚಿನ ಎಸ್‌ಡಬ್ಲ್ಯೂಆರ್ ಪೈಪೇ (ಬಾತ್‌ರೂಮಿನ ಕೊಳೆ ನೀರು ಹೋಗೋ ಪಿವಿಸಿ ಪೈಪು) ಸಾಕು, ಹೊರಗೆ 110 ಎಂಎಂ, ಒಳಗೆ ಸುಮಾರು 104. 85 ಲೀಟರ್ ಡಬ್ಬಿ 22 ಹರ್ಟ್ಸ್‌ಗೆ ಟ್ಯೂನ್ ಆಗ್ಬೇಕಂದ್ರೆ ಈ ಪೈಪ್ 54 ಸೆಂಟಿಮೀಟರ್ ಉದ್ದ ಬೇಕು. ಗಾಳಿ ಆರಾಮಾಗಿ ಹೋಗ್ಲಿ ಅಂತ ಎರಡು ಪೈಪ್ ಹಾಕೋಣ ಅಂದ್ಕೊಂಡೆ, ಆಗ ಒಂದೊಂದೂ 116 ಸೆಂಟಿಮೀಟರ್ ಆಗ್ಬೇಕು ಅಂತ ಬಂತು. ಎರಡು ಹಾಕಿದ್ರೆ ಅರ್ಧ ಅರ್ಧ ಸಾಕು ಅಂತ ನಮ್ ಬುದ್ಧಿ ಹೇಳುತ್ತೆ, ನಿಜ ಉಲ್ಟಾ. ಕುತ್ತಿಗೆ ಅಗಲ ಆದ್ರೆ ಸದ್ದು ಮೇಲೆ ಹೋಗುತ್ತೆ, ಅದನ್ನ ವಾಪಸ್ ಕೆಳಗೆ ಎಳೆಯೋಕೆ ಉದ್ದ ಮಾಡ್ಬೇಕು. ಒಂದೇ ಪೈಪ್ ಸಾಕಪ್ಪ ಅಂತ ಬಿಟ್ಟೆ.

ಆ ವಾರ ದುರ್ಗದಿಂದ ನಮ್ ಭಾವ ಬಂದಿದ್ರು. ನನ್ನ ಕಾಗದ ನೋಡಿ ಬೆಣ್ಣೆ ದೋಸೆ ಪೊಟ್ಟಣ ಬಿಚ್ತಾ ಬಿಚ್ತಾ ಕೇಳಿದ್ರು, "ಅಲ್ಲಪ್ಪಾ, 85 ಲೀಟರ್ ಡಬ್ಬಿ ಮಾಡಿ ಅದರೊಳಗೆ ಪೈಪ್ ಇಟ್ರೆ ಪೈಪಿನ ಜಾಗ ಎಲ್ಲಿಂದ ಬರ್ತೈತಿ?" ನಂಗೆ ಹೊಳೆದೇ ಇರ್ಲಿಲ್ಲ. ಪೈಪು 5 ಲೀಟರ್ ತಿನ್ನುತ್ತೆ, ಡ್ರೈವರ್ ಹಿಂದಿನ ಮ್ಯಾಗ್ನೆಟ್ಟು ಬುಟ್ಟಿ ಸೇರಿ 3, ಒಳಗೆ ಅಡ್ಡಪಟ್ಟಿ 3, ಎಲ್ಲಾ ಕೂಡಿಸಿ 96 ಲೀಟರ್ ಆಯ್ತು. ಒಳ ಅಳತೆ 40, 40, 60 ಸೆಂಟಿಮೀಟರ್, ಗುಣಿಸಿದ್ರೆ ಸರಿಯಾಗಿ 96. ಅಷ್ಟು ಚೆಂದ ಕೂತಿದ್ದು ನೋಡಿ ನಾವಿಬ್ರೂ ಇನ್ನೊಂದೊಂದು ದೋಸೆ ತಿಂದ್ವಿ.

ಮರದ ಕೆಲಸಕ್ಕೆ ನಮ್ಮನೆ ಬಾಗಿಲು ಮಾಡಿದ್ದ ಆಚಾರ್ರನ್ನೇ ಹಿಡಿದೆ. 18 ಎಂಎಂ ಪ್ಲೈವುಡ್, ಎಂಟು ಬೈ ನಾಲ್ಕರ ಒಂದು ಶೀಟು. ಎಂಡಿಎಫ್, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ, ಸಮತಟ್ಟಾಗಿರುತ್ತೆ, ಕಟಿಂಗ್ ನುಣುಪಾಗಿ ಬರುತ್ತೆ, ಸ್ಪೀಕರ್ ಮಾಡೋರು ಅದನ್ನೇ ಇಷ್ಟ ಪಡ್ತಾರೆ, ಆದ್ರೆ ನೀರು ತಾಗಿದ್ರೆ ಉಬ್ಬುತ್ತೆ, ನಮ್ಮನೇಲಿ ನೆಲ ಒರೆಸೋ ರೀತಿ ನೋಡಿದ್ರೆ ಎಂಡಿಎಫ್ ಒಂದು ಮಳೆಗಾಲ ದಾಟಲ್ಲ. ಪ್ಲೈ ತಗೊಳ್ಳೋವಾಗ ಅಂಚು ನೋಡಿ ತಗೋಬೇಕು, ಅಗ್ಗದ್ದರಲ್ಲಿ ಪದರದ ನಡುವೆ ಟೊಳ್ಳು ಇರುತ್ತೆ, ಬೇಸ್ ಹೊಡೆದಾಗ ಅಲ್ಲಿಂದ ಜರ್ರ್ ಅಂತ ಬರುತ್ತೆ, ಹೊರಗಿಂದ ಹುಡುಕೋಕೆ ಆಗಲ್ಲ.

ಆಚಾರ್ರು ಡಬ್ಬಿ ಅರ್ಧ ಆದಾಗ "ಇದು ಕಾಳು ತುಂಬೋ ಪೆಟ್ಟಿಗೆ ಏನ್ರೀ?" ಅಂತ ಕೇಳಿದ್ರು. ಸ್ಪೀಕರ್ರು ಅಂದೆ. "ಸ್ಪೀಕರ್ರಾ, ಇದರೊಳಗೆ ಹಾಡೋರೇ ಕೂತ್ಕೋಬೋದಲ್ರೀ" ಅಂದ್ರು. ಆಮೇಲೆ ಪೈಪ್ ಹಿಡ್ಕೊಂಡು ತೂತಿನ ಹತ್ರ ಇಟ್ಟು ಸುಮ್ನೆ ನನ್ನ ಮುಖ ನೋಡಿದ್ರು. ಡಬ್ಬಿ ಆಳ 40, ಪೈಪು 54! ಲೀಟರ್ ಲೆಕ್ಕದಲ್ಲಿ ಮುಳುಗಿ ಉದ್ದದ ಲೆಕ್ಕಾನೇ ಮರೆತಿದ್ದೆ, ಭಾವನೂ ನೋಡಿರ್ಲಿಲ್ಲ, ಇಬ್ರೂ ದೋಸೆ ಮೇಲೆ ಬಿದ್ದಿದ್ವಿ. ಎರಡು ನಿಮಿಷ ನಂಗೆ ಮಾತೇ ಹೊರಡ್ಲಿಲ್ಲ. ಆಚಾರ್ರೇ ಹೇಳಿದ್ರು, "ಬಾತ್‌ರೂಮಿಗೆ ಹಾಕೋ ಬೆಂಡ್ ಹಾಕ್ರಿ, ಮೇಲಕ್ಕೆ ತಿರುಗಿಸಿದ್ರಾತು." ಅಷ್ಟೇ ಪರಿಹಾರ. ಬೆಂಡ್ ಹಾಕಿದ್ರೆ ಪೈಪಿನ ನಡುಗೆರೆ ಹಿಡ್ಕೊಂಡು ಉದ್ದ ಅಳೀಬೇಕು, ಒಳಗಿನ ತುದಿ ಯಾವ ಗೋಡೆಯಿಂದಾನೂ ಕಮ್ಮಿ ಅಂದ್ರೆ ಪೈಪಿನ ಅಗಲದಷ್ಟು ದೂರ ಇರ್ಬೇಕು, ಇಲ್ಲಾಂದ್ರೆ ಗಾಳಿಗೆ ಉಸಿರು ಕಟ್ಟುತ್ತೆ. ಪುಣ್ಯಕ್ಕೆ ಎತ್ತರ 60 ಇತ್ತಲ್ಲ, ಜಾಗ ಸಿಕ್ತು.

ಮುಂದಿನ ಹಲಗೆ ಎರಡು ಪದರ, ಒಳಗೆ ಎದುರೆದುರು ಗೋಡೆ ಹಿಡಿಯೋ ಅಡ್ಡಪಟ್ಟಿ, ಎಲ್ಲಾ ಕೀಲಿಗೂ ಫೆವಿಕಾಲ್ ಸುರಿದು ಸ್ಕ್ರೂ. ಒಳಗೋಡೆಗೆ ಹಳೇ ಗಾದಿಯ ಹತ್ತಿ ಅಂಟಿಸೋಣ ಅಂತ ಇದ್ದೆ, ಒಂದ್ ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿತ್ತಲ್ವಾ ನಮ್ಮದು, ಆದ್ರೆ ಬಿಡಿ ಹತ್ತಿ ಪೈಪಿನಿಂದ ಹಾಲ್ ತುಂಬಾ ಹಾರಾಡೋ ಚಾನ್ಸ್ ಜಾಸ್ತಿ ಅಂತ ಬಿಟ್ಟೆ. ಪೈಪ್ ಡಬ್ಬೀಲಿ ಅಷ್ಟು ಕೆಳಗಿನ ಸದ್ದಿಗೆ ಅದರಿಂದ ಹೇಳ್ಕೊಳೋ ಲಾಭಾನೂ ಇಲ್ಲ.

ಮೊದಲ ದಿನ ಆನ್ ಮಾಡಿದಾಗ ಎಲ್ಲೋ ಸೀಟಿ ಹೊಡೆದ ಹಾಗೆ. ಫೋನಿನಿಂದ 25 ಹರ್ಟ್ಸ್ ಟೋನ್ ಹಾಕಿ ಒಂದು ಊದಿನಕಡ್ಡಿ ಹಚ್ಕೊಂಡು ಎಲ್ಲಾ ಅಂಚಿಗೂ ನಿಧಾನಕ್ಕೆ ಹಿಡಿದೆ, ಹೊಗೆ ನೆಟ್ಟಗೆ ಏಳ್ತಾ ಇದ್ದಿದ್ದು ವೈರ್ ಒಳಗೆ ಹೋಗೋ ತೂತಿನ ಹತ್ರ ಪಟಪಟ ಅಂತ ಬಡ್ಕೊಳ್ತು. ಅಲ್ಲಿಗೆ ಎಂ-ಸೀಲ್. ಅವ್ವ ಬಂದು "ಇದಕ್ಕೂ ಪೂಜೆ ಶುರು ಮಾಡಿದ್ಯಾ" ಅಂತ ಕೇಳಿ ಹೋದ್ರು.

ಈಗ ಮಂಡಕ್ಕಿ. ಟ್ಯೂನಿಂಗ್ ನಿಜವಾಗ್ಲೂ 22ಕ್ಕೆ ಬಂದಿದೆಯಾ ಅಂತ ನೋಡೋಕೆ ಸರಿಯಾದ ದಾರಿ ಇಂಪಿಡೆನ್ಸ್ (ಬೇರೆ ಬೇರೆ ಹರ್ಟ್ಸ್‌ಗೆ ಡ್ರೈವರ್ ಕರೆಂಟಿಗೆ ಕೊಡೋ ತಡೆ) ಅಳೆಯೋದು, ಎರಡು ಗುಡ್ಡದ ನಡುವೆ ಕಣಿವೆ ಎಲ್ಲಿದೆಯೋ ಅದೇ ಟ್ಯೂನಿಂಗ್. ನನ್ಹತ್ರ ಅದಕ್ಕೆ ಸಾಮಾನು ಇಲ್ಲ. ಆದ್ರೆ ಇನ್ನೊಂದು ಗುಟ್ಟಿದೆ, ಟ್ಯೂನಿಂಗ್ ಜಾಗದಲ್ಲಿ ಸದ್ದೆಲ್ಲಾ ಪೈಪೇ ಮಾಡುತ್ತೆ, ಕೋನ್ ಹೆಚ್ಚು ಕಮ್ಮಿ ನಿಂತೇಬಿಡುತ್ತೆ. ಡಬ್ಬೀನ ಬೆನ್ನ ಮೇಲೆ ಮಲಗಿಸಿ ಕೋನ್ ಮೇಲೆ ಒಂದ್ ಹಿಡಿ ಮಂಡಕ್ಕಿ ಹಾಕಿದೆ. 35 ಹರ್ಟ್ಸ್‌ಗೆ ಎಲ್ಲಾ ಎಗರಾಡ್ತಿತ್ತು, ಒಗ್ಗರಣೆ ಬಾಣಲೇಲಿ ಹಾಕಿದ ಹಾಗೆ. 30, ಇನ್ನೂ ಕುಣಿತಾನೇ ಇದೆ. 26ಕ್ಕೆ ಬರ್ತಾ ಸುಸ್ತಾಯ್ತು. 24, ಬರೀ ನಡುಗ್ತಿದೆ. 22ಕ್ಕೆ ಬಂದಾಗ ಮಂಡಕ್ಕಿ ಸುಮ್ನೆ ಕೂತ್ಬಿಡ್ತು, ಒಂದೇ ಒಂದು ಕಾಳು ಮಾತ್ರ ಅಂಚಲ್ಲಿ ಮೆಲ್ಲಗೆ ತಿರುಗ್ತಿತ್ತು, ಆದ್ರೆ ಅದೇ ಹೊತ್ತಿಗೆ ಶೋಕೇಸ್ ಗಾಜು ಗಿಣಗಿಣ ಅಂತಿದೆ, ಪೈಪಿನ ಬಾಯಿಗೆ ಕೈ ಹಿಡಿದ್ರೆ ಟೇಬಲ್ ಫ್ಯಾನ್ ಥರ ಗಾಳಿ. ಕೋನ್ ನಿಂತಿದೆ, ಮನೆ ಅಲ್ಲಾಡ್ತಿದೆ. ಎಂಟು ತಿಂಗಳಲ್ಲಿ ನಂಗೆ ಅತಿ ಖುಷಿ ಕೊಟ್ಟ ಕ್ಷಣ ಅದು. 20ಕ್ಕಿಂತ ಕೆಳಗೆ ಇಳಿಸಿದ್ರೆ ಮತ್ತೆ ಎಗರೋಕೆ ಶುರು, ಈ ಸಲ ಕೋನ್ ಹುಚ್ಚು ಹಿಡಿದ ಹಾಗೆ ಆಚೆ ಬರುತ್ತೆ, ತಕ್ಷಣ ನಿಲ್ಲಿಸಿದೆ. ಟ್ಯೂನಿಂಗ್ ಕೆಳಗೆ ಡಬ್ಬಿಯ ಗಾಳಿ ಕೋನ್ ಹಿಡಿಯಲ್ಲ, ಎಲ್ಲಾ ಪೈಪಿನಿಂದ ಆಚೆ ಜಾರುತ್ತೆ, ಸಿನಿಮಾದಲ್ಲಿ ಒಂದು ದೊಡ್ಡ ಸ್ಫೋಟ ಬಂದ್ರೆ ಡ್ರೈವರ್ ಕತೆ ಮುಗೀತು. ಅದಕ್ಕೇ ಪೈಪ್ ಡಬ್ಬಿಗೆ ಸಬ್‌ಸಾನಿಕ್ ಫಿಲ್ಟರ್ (ತೀರಾ ಕೆಳಗಿನ ಸದ್ದನ್ನ ತಡೆಯೋದು) ಇಲ್ದೆ ಇರೋ ಆಂಪ್ಲಿಫೈಯರ್ ಹಾಕಲೇಬಾರದು. ನಂದು 20ಕ್ಕೆ ಇಟ್ಟಿದೀನಿ.

ವಾಲ್ಯೂಮ್ ಜಾಸ್ತಿ ಕೊಟ್ಟಾಗ ಪೈಪಿನಿಂದ ಭುಸ್ ಭುಸ್ ಅಂತಿತ್ತು, ಹಾವು ಸಾಕಿದ ಹಾಗೆ. ಗಾಳಿಯ ವೇಗ ಸೆಕೆಂಡಿಗೆ 17 ಮೀಟರ್ ಒಳಗಿದ್ರೆ ಒಳ್ಳೇದು ಅಂತಾರೆ, ಒಂದೇ 4 ಇಂಚಿನ ಪೈಪಲ್ಲಿ ಅದು ದಾಟುತ್ತೆ ಅಂತ ಗೊತ್ತಿತ್ತು. ಆಚಾರ್ರು ರೌಟರ್ (ಮರದ ಅಂಚು ಕೆತ್ತೋ ಮಷೀನು) ತಂದು ಬಾಯಿಯ ಅಂಚು ಬಳೆ ಥರ ಗುಂಡಗೆ ಮಾಡಿಕೊಟ್ಟ ಮೇಲೆ ಅರ್ಧಕ್ಕರ್ಧ ಹೋಯ್ತು. ಮಿಕ್ಕಿದ್ದು ಸೋಫಾದಲ್ಲಿ ಕೂತ್ರೆ ಕೇಳಲ್ಲ.

ಆಮೇಲೂ ಒಂದು ಬಾಕಿ ಇತ್ತು, ರೂಮು. ನಮ್ ಹಾಲ್ 14 ಅಡಿ ಉದ್ದ, 11 ಅಡಿ ಅಗಲ. 20 ಹರ್ಟ್ಸ್‌ನ ಒಂದು ಅಲೆ ಅಂದ್ರೆ 17 ಮೀಟರ್, ನಮ್ಮನೆ ದಾಟಿ ರೋಡಿಗೆ ಹೋಗಿರುತ್ತೆ. 14 ಅಡಿ ಉದ್ದಕ್ಕೆ ಸರಿಯಾಗಿ ಕೂರೋದು 40 ಹರ್ಟ್ಸ್, ಅದು ಎರಡೂ ಗೋಡೆ ಹತ್ರ ಜೋರು, ನಟ್ಟ ನಡುವೆ ಮಾಯ. ನಮ್ ಸೋಫಾ ಇದ್ದಿದ್ದು ನಟ್ಟ ನಡುವೆ! ಅದನ್ನ ಎರಡೂವರೆ ಅಡಿ ಹಿಂದಕ್ಕೆ ತಳ್ಳಿದ್ದು ಇಡೀ ಪ್ರಾಜೆಕ್ಟಿನಲ್ಲಿ ಒಂದು ರೂಪಾಯಿ ಖರ್ಚಿಲ್ದೆ ಆದ ಅತಿ ದೊಡ್ಡ ಸುಧಾರಣೆ. ಡಬ್ಬಿ ಎಲ್ಲಿಡೋದು ಅಂತ ನೋಡೋಕೆ ಅದನ್ನ ಸೋಫಾ ಮೇಲೆ, ಅಂದ್ರೆ ನಾವು ಕೂರೋ ಜಾಗದಲ್ಲಿ ಇಟ್ಟು, ಬೇಸ್ ಇರೋ ಹಾಡು ಹಾಕಿ, ನಾವು ಗೋಡೆ ಗುಂಟ ಅಂಬೆಗಾಲಲ್ಲಿ ಹೋಗ್ತಾ ಎಲ್ಲಿ ಚೆನ್ನಾಗಿ ಕೇಳುತ್ತೋ ಅಲ್ಲಿ ಡಬ್ಬಿ ಇಡೋದು. 30 ಕೆಜಿ ಹತ್ರ ಇರೋ ಡಬ್ಬೀನ ಸೋಫಾ ಮೇಲೆ ಎತ್ತಿ ಕೂರಿಸಿ ನಾನು ನೆಲದ ಮೇಲೆ ಹೋಗ್ತಿದ್ದಾಗ ಪಕ್ಕದ ಮನೆ ಆಂಟಿ ಮೊಸರಿಗೆ ಹೆಪ್ಪು ಕೇಳೋಕೆ ಬಂದಿದ್ರು. ಏನೂ ಕೇಳ್ಲಿಲ್ಲ, ಹೆಪ್ಪು ಇಸ್ಕೊಂಡು ಹೋದ್ರು. ಟಿವಿಯ ಎಡಗಡೆ ಮೂಲೆ ಗೆದ್ದಿತು. ಸ್ಪೀಕರ್‌ಗಳಿಗೆ ಸದ್ದು ಹಂಚೋ ರಿಸೀವರ್‌ನಲ್ಲಿ ಕ್ರಾಸ್‌ಓವರ್ 80 ಹರ್ಟ್ಸ್, ಮಿಕ್ಕ ಸ್ಪೀಕರ್ ಎಲ್ಲಾ "ಸ್ಮಾಲ್" ಅಂತ ಸೆಟ್ಟಿಂಗು, ಅಂದ್ರೆ 80ರ ಕೆಳಗಿನ ಸದ್ದು ಈ ಡಬ್ಬಿಗೆ.

ಬೇಸ್‌ಗೆ ಮನೆ ಪಾತ್ರೆ ಸಾಮಾನು ಜರ್ರ್ ಅನ್ನೋದು ನಿಲ್ಲಿಸೋಕೇ ಒಂದು ವಾರ ಹಿಡೀತು. ಟೋನ್ ಮೆಲ್ಲಗೆ ಮೇಲೇರಿಸ್ತಾ ಒಬ್ಬೊಬ್ಬರನ್ನೇ ಹಿಡಿಯೋದು: 31ಕ್ಕೆ ಸ್ಟೀಲ್ ತಟ್ಟೆ ಸ್ಟ್ಯಾಂಡು, 38ಕ್ಕೆ ಬೀರುವಿನ ಹಿಡಿ, 47ಕ್ಕೆ ಕಿಟಕಿ ಗಾಜು, 52ಕ್ಕೆ ಟ್ಯೂಬ್‌ಲೈಟ್ ಪಟ್ಟಿ. ಹಳೇ ಡುಂ ಡಬ್ಬಿಗೆ ಇವು ಇಷ್ಟೊಂದು ಮಾತಾಡಿರ್ಲಿಲ್ಲ.

ಮೊನ್ನೆ ಸಂಜೆ ಒಂದು ಸಿನಿಮಾ ಹಾಕಿದ್ದೆ, ದೂರದಲ್ಲಿ ಮಳೆ ಬರೋ ಸೀನು, ಗುಡುಗು ಸಿಡಿಯಲ್ಲ, ಬರೀ ಗುಡ್ಡದಾಚೆ ಉರುಳುತ್ತೆ. ವಾಲ್ಯೂಮ್ ಜಾಸ್ತಿ ಏನೂ ಇರ್ಲಿಲ್ಲ. ಅಡುಗೆ ಮನೆಯಿಂದ ಅವ್ವ "ಮಳೆ ಬಂತು ನೋಡೋ, ಮೇಲೆ ಸಂಡಿಗೆ ಐತಿ" ಅಂತ ಕೂಗ್ತಾನೇ ಮೆಟ್ಲು ಹತ್ತಿ ಹೋದ್ರು. ನಾನು ಪಾಜ್ ಬಟನ್ ಒತ್ತೋಷ್ಟರಲ್ಲಿ ಸಂಡಿಗೆ ಮೊರ ಎತ್ಕೊಂಡು ಕೆಳಗೆ ಬಂದಿದ್ರು, ಹೊರಗೆ ಸುಡುಸುಡು ಬಿಸಿಲು. ಡಬ್ಬೀನ ಒಂದ್ಸಲ, ನನ್ನನ್ನ ಒಂದ್ಸಲ ನೋಡಿದ್ರು.

ಸನ್‌ಮೈಕಾ ಅಂಟಿಸೋದು ಇನ್ನೂ ಬಾಕಿ, ಆಚಾರ್ರು ಮದುವೆ ಸೀಸನ್ ಮುಗಿದ ಮೇಲೆ ಬರ್ತೀನಿ ಅಂದಿದಾರೆ. ಅಷ್ಟರೊಳಗೆ ಅವ್ವ ಡಬ್ಬಿ ಮೇಲೆ ಕ್ರೋಷಾ ಬಟ್ಟೆ ಹಾಸಿ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದಾರೆ. ಕುಂಡ 34 ಹರ್ಟ್ಸ್‌ಗೆ ಜರ್ರ್ ಅನ್ನುತ್ತೆ, ಅಡಿಗೆ ಒಂಚೂರು ಫೋಮ್ ಅಂಟಿಸಬೇಕು.